ಶುಗರ್ ಇರುವವರ ಯೋಗ: ಮೊದಲು ಪಾದ, ಆಮೇಲೆ ಬ್ಯಾಲೆನ್ಸ್, ಕೊನೆಗೆ ಆಸನ

ಕೋಲಾರದ ನಮ್ಮ ಬೆಳಗಿನ ಯೋಗದ ಗುಂಪಿಗೆ ಶುಗರ್ ಇರುವವರು ಬರುತ್ತಲೇ ಇರುತ್ತಾರೆ, ಬಿಟ್ಟು ಹೋಗುತ್ತಲೂ ಇರುತ್ತಾರೆ. ಯಾಕೆ ಬಿಟ್ಟಿರಿ ಅಂತ ಕೇಳಿದರೆ ಕಥೆ ಹೆಚ್ಚುಕಡಿಮೆ ಒಂದೇ. ಒಬ್ಬರಿಗೆ ಸೂರ್ಯ ನಮಸ್ಕಾರದ ಮಧ್ಯೆ ಕೈ ನಡುಗಿ ಬೆವರು ಕಿತ್ತುಕೊಂಡು ಬಂತು. ಇನ್ನೊಬ್ಬರು ವೃಕ್ಷಾಸನಕ್ಕೆ ಕಾಲೆತ್ತಿ ಪಕ್ಕದವರ ಮೇಲೆ ಬಿದ್ದರು. ಮತ್ತೊಬ್ಬರು ಶುಗರ್ ಸ್ವಲ್ಪ ಇಳಿದದ್ದೇ ತಡ ಮಾತ್ರೆ ನಿಲ್ಲಿಸಿದರು, ಆಮೇಲೆ 300 ದಾಟಿದಾಗ ಯೋಗದಿಂದ ಏನೂ ಆಗಲ್ಲ ಅಂದರು.

ಇವರಲ್ಲಿ ಯಾರಿಗೂ ಆಸನ ಬರುತ್ತಿರಲಿಲ್ಲ ಅಂತೇನಿಲ್ಲ. ಯಾವುದರ ಹಿಂದೆ ಯಾವುದು ಅನ್ನುವುದು ತಪ್ಪಿತ್ತು, ಅಷ್ಟೇ. ಅದಕ್ಕೇ ಇಲ್ಲಿ ಕ್ರಮದ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ. ಒಂದು ಮಾತು ಈಗಲೇ ಹೇಳಿಬಿಡುತ್ತೇನೆ: ಯೋಗ ಮಾತ್ರೆಯ ಜೊತೆಗೆ ಮಾಡುವಂಥದ್ದು, ಮಾತ್ರೆಯ ಬದಲಿಗೆ ಅಲ್ಲ. ಶುಗರ್ ವಾಸಿ ಮಾಡುತ್ತೇವೆ ಅನ್ನುವ ಶಿಬಿರ ಬೇಕಾದವರು ಈ ಬರಹ ಇಲ್ಲಿಗೇ ಬಿಡಬಹುದು.

ಹಂತ 1: ಡಾಕ್ಟರ್ ಹತ್ತಿರ ನಾಲ್ಕು ಪ್ರಶ್ನೆ

ಸುಮ್ನೆ "ಯೋಗ ಮಾಡಬಹುದಾ ಸಾರ್" ಅಂತ ಕೇಳಿದರೆ "ಮಾಡಿ, ಒಳ್ಳೇದು" ಅಂತಾರೆ. ಅದರಿಂದ ನಿಮಗೆ ಪ್ರಯೋಜನವಿಲ್ಲ. ಹೀಗೆ ಕೇಳಿ.

ಒಂದು, ಕಣ್ಣು. ಹನಿ ಹಾಕಿ ಕಣ್ಣಿನ ಹಿಂದಿನ ಪರದೆ ನೋಡುವ ಪರೀಕ್ಷೆ ವರ್ಷಕ್ಕೊಮ್ಮೆ ಆಗಬೇಕು. ಶುಗರಿನಿಂದ ಆ ಪರದೆಯಲ್ಲಿ ಹೊಸ, ಬಲವಿಲ್ಲದ ರಕ್ತನಾಳ ಬೆಳೆದಿದ್ದರೆ ತಲೆ ಕೆಳಗೆ ಮಾಡುವ ಯಾವ ಆಸನವೂ ಬೇಡ. ಶೀರ್ಷಾಸನ, ಸರ್ವಾಂಗಾಸನ, ಹಲಾಸನ ಮೂರೂ ಬಿಡಿ. ಉಸಿರು ಬಿಗಿಹಿಡಿದು ತಿಣುಕುವುದೂ ಬೇಡ. ಒತ್ತಡಕ್ಕೆ ಆ ನಾಳ ಒಡೆದರೆ ಕಣ್ಣೊಳಗೆ ರಕ್ತ ಇಳಿಯುತ್ತದೆ. ನೋಟ ಚೆನ್ನಾಗಿದೆಯಲ್ಲ ಅಂದುಕೊಳ್ಳಬೇಡಿ, ಪರದೆ ಹಾಳಾಗುತ್ತಿರುವಾಗಲೂ ಎಷ್ಟೋ ಕಾಲ ನೋಟ ಸರಿಯಾಗೇ ಇರುತ್ತದೆ.

ಎರಡು, ಪಾದದ ಸ್ಪರ್ಶ. ನೈಲಾನ್ ಎಳೆಯಿಂದ ಅಂಗಾಲನ್ನು ಅಲ್ಲಲ್ಲಿ ಮುಟ್ಟಿ ನೋಡುವ ಪರೀಕ್ಷೆ ಇದೆ, ನೋವಿಲ್ಲ, ಬೇಗ ಮುಗಿಯುತ್ತದೆ. ಮಾಡಿ ಅಂತ ನೀವೇ ಕೇಳಿ.

ಮೂರು, ಎದೆ ಮತ್ತು ಬಿಪಿ. ಮೆಟ್ಟಿಲು ಹತ್ತುವಾಗ ದಮ್ಮು ಕಟ್ಟುತ್ತದೆ, ಎದೆ ಭಾರ ಆಗುತ್ತದೆ ಅನ್ನುವುದಿದ್ದರೆ ಮುಚ್ಚಿಡಬೇಡಿ. ಶುಗರ್ ಇರುವವರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ಬೆವರು ತೋರಿಸಿಕೊಂಡು ಹೃದಯದ ತೊಂದರೆ ಬರುವುದುಂಟು.

ನಾಲ್ಕು, ನಿಮ್ಮ ಮಾತ್ರೆ. ಎಲ್ಲಕ್ಕಿಂತ ಮುಖ್ಯ ಇದು, ಜನ ಕೇಳುವುದೇ ಇಲ್ಲ. ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ವ್ಯಾಯಾಮದಲ್ಲಿ ಶುಗರ್ ಧಡಕ್ಕನೆ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಅಥವಾ ಇನ್ಸುಲಿನ್ ಇದ್ದರೆ ಇಳಿಯಬಹುದು. ಎಷ್ಟೋ ಮಾತ್ರೆಗಳಲ್ಲಿ ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಸೇರಿಕೊಂಡೇ ಬರುತ್ತದೆ. ಹಾಗಾಗಿ ಬ್ರ್ಯಾಂಡ್ ಹೆಸರು ನೋಡಬೇಡಿ, ಹಾಳೆಯ ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು ಓದಿಸಿಕೊಳ್ಳಿ. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆ ಇದ್ದರೆ ಇನ್ನೊಂದು ಎಚ್ಚರ. ಶುಗರ್ ಇಳಿದಾಗ ಎದೆ ಹೊಡೆದುಕೊಳ್ಳುವುದು, ನಡುಕ ಇವು ಸರಿಯಾಗಿ ಗೊತ್ತಾಗದೆ ಹೋಗಬಹುದು. ಬೆವರು ಮಾತ್ರ ಬರುತ್ತದೆ.

ಇದಕ್ಕೆಲ್ಲ ದೊಡ್ಡ ಆಸ್ಪತ್ರೆಯೇ ಆಗಬೇಕಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಅಂಟದ ಕಾಯಿಲೆಗಳನ್ನು ನೋಡುವ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಬಿಪಿ, ಶುಗರ್ ನೋಡುತ್ತಾರೆ. ಮನೆ ಬಾಗಿಲಿಗೇ ಬಂದು ನೋಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಶುರುವಾದದ್ದೇ ಕೋಲಾರದಿಂದ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವತ್ತು ಬರುತ್ತಾರೆ ಅಂತ ಹೇಳುತ್ತಾರೆ.

ಹಂತ 2: ಬೇಕಾಗುವ ಸಾಮಾನು

ದುಬಾರಿ ಏನೂ ಬೇಡ. ಕೈ ಇಲ್ಲದ, ಗಟ್ಟಿಯಾದ ಮರದ ಅಥವಾ ಕಬ್ಬಿಣದ ಕುರ್ಚಿ. ಅದನ್ನು ಗೋಡೆಗೆ ಒರಗಿಸಿಯೇ ಇಡಬೇಕು. ಪ್ಲಾಸ್ಟಿಕ್ ಕುರ್ಚಿ ಬೇಡ, ರೆಡ್ ಆಕ್ಸೈಡ್ ನೆಲದ ಮೇಲೆ ಅದು ನಿಮಗಿಂತ ಮುಂಚೆ ಜಾರುತ್ತದೆ. ಹಿಡಿದುಕೊಳ್ಳಲು ನಮ್ಮ ಮನೆಗಳ ಕಿಟಕಿ ಸರಳಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಅಡುಗೆ ಮನೆ ಕಟ್ಟೆಯೂ ಆಗುತ್ತದೆ. ನೆಲಕ್ಕೆ ಜಾರದ ಮ್ಯಾಟ್. ಜಮಖಾನ ಹಾಸಿ ನಿಂತು ಮಾಡುವ ಆಸನ ಮಾಡಬೇಡಿ, ಅದೂ ಸರಿಯುತ್ತದೆ.

ಗ್ಲೂಕೋಮೀಟರ್ ಬೇಕು. ಕನಿಷ್ಠ ಮೊದಲ ಎರಡು ವಾರಕ್ಕೆ ಸಾಕಾಗುವಷ್ಟು ಸ್ಟ್ರಿಪ್ ಇರಲಿ. ಕೈಗೆ ಸಿಗುವ ಜಾಗದಲ್ಲಿ ಗ್ಲೂಕೋಸ್ ಪುಡಿ, ನೀರು, ಫೋನ್. ಒಂದು ನೋಟ್ ಬುಕ್. ಒಂದು ಚಿಕ್ಕ ಕನ್ನಡಿ, ಅದು ಯಾಕೆ ಅಂತ ಮುಂದೆ ಬರುತ್ತದೆ.

ಮನೆಯಲ್ಲಿ ಇನ್ನೊಬ್ಬರು ಇರುವ ಹೊತ್ತೇ ಆರಿಸಿಕೊಳ್ಳಿ. ಅವರು ಮುಂದೆ ಕೂತು ನೋಡಬೇಕಿಲ್ಲ, ಕೂಗಿದರೆ ಕೇಳಿಸುವಷ್ಟು ಹತ್ತಿರ ಇದ್ದರೆ ಸಾಕು.

ಹಂತ 3: ಪಾದ ನೋಡುವುದು, ಪ್ರತಿ ದಿನ, ಶುರು ಮಾಡುವ ಮುಂಚೆ

ಇದನ್ನು ಹಾರಿಸಿ ಮುಂದಕ್ಕೆ ಹೋಗುವವರೇ ಜಾಸ್ತಿ. ನಾನು ಇಲ್ಲೇ ನಿಲ್ಲಿಸಿ ಕೂರಿಸುತ್ತೇನೆ.

ಶ್ರೀನಿವಾಸಪುರ ಕಡೆಯ ಮಾವಿನ ತೋಟದವರೊಬ್ಬರು ಮೊದಲ ದಿನ ಮ್ಯಾಟ್ ಮೇಲೆ ಕೂತು ಅಂಗಾಲು ತಿರುಗಿಸಿದಾಗ ಹಿಮ್ಮಡಿಯಲ್ಲಿ ಜಾಲಿ ಮುಳ್ಳು ಮುರಿದು ಕೂತಿತ್ತು. ಸುತ್ತ ಕೆಂಪಾಗಿ ಊದಿತ್ತು, ಒತ್ತಿದರೆ ನೀರು ಬರುತ್ತಿತ್ತು. ಅವರಿಗೆ ನೋವೇ ಇಲ್ಲ. ಯಾವತ್ತು ಚುಚ್ಚಿತೋ ಗೊತ್ತೂ ಇಲ್ಲ. ಆ ಪಾದದ ಮೇಲೆ ಮೈ ಭಾರ ಹಾಕಿ ನಿಂತಿದ್ದರೆ ಹುಣ್ಣು ಒಳಕ್ಕೆ ಇಳಿಯುತ್ತಿತ್ತು.

ಮಾಡುವುದು ಹೀಗೆ. ಬೆಳಕಿರುವಲ್ಲಿ ಕೂತು ಎರಡೂ ಪಾದದ ಮೇಲೆ, ಕೆಳಗೆ, ಬೆರಳ ಸಂದಿಯಲ್ಲಿ ನೋಡಿ. ಬಗ್ಗಿ ನೋಡಲು ಆಗದಿದ್ದರೆ ಕನ್ನಡಿ ನೆಲದ ಮೇಲಿಟ್ಟು ಅದರ ಮೇಲೆ ಪಾದ ಹಿಡಿಯಿರಿ. ಬಿರುಕು, ಗುಳ್ಳೆ, ಕೆಂಪು, ಕಪ್ಪು ಕಲೆ, ಆಣಿ ಇವೆಯಾ ನೋಡಿ. ಅಂಗೈ ಹಿಂಭಾಗದಿಂದ ಮುಟ್ಟಿ ಒಂದು ಪಾದ ಇನ್ನೊಂದಕ್ಕಿಂತ ಬಿಸಿ ಇದೆಯಾ ಅಂತಲೂ ನೋಡಿ. ಗಾಯ ಇದ್ದರೆ ಆವತ್ತು ನಿಂತು ಮಾಡುವ ಯಾವುದೂ ಇಲ್ಲ, ಕೂತು ಮಾಡುವುದು ಮಾತ್ರ, ಮತ್ತು ಡಾಕ್ಟರಿಗೆ ತೋರಿಸಬೇಕು. ನೋವಿಲ್ಲದೆ ಒಂದೇ ಪಾದ ಬಿಸಿಯಾಗಿ ಊದಿದ್ದರೆ ಅವತ್ತೇ ಹೋಗಿ, ಅಲ್ಲಿಯವರೆಗೆ ಆ ಕಾಲಿನ ಮೇಲೆ ಭಾರ ಹಾಕಬೇಡಿ. ಒಳಗೆ ಮೂಳೆ ಕುಸಿಯುತ್ತಿರಬಹುದು.

ತಿಂಗಳಿಗೊಮ್ಮೆ ಮನೆಯವರಿಂದ ಸ್ಪರ್ಶದ ಪರೀಕ್ಷೆ ಮಾಡಿಸಿಕೊಳ್ಳಿ. ನೀವು ಕಣ್ಣು ಮುಚ್ಚಿ ಮಲಗಿ. ಅವರು ತೋರುಬೆರಳಿಂದ ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡ್ ಹಗುರವಾಗಿ ಮುಟ್ಟಲಿ. ಒತ್ತಬಾರದು, ಸವರಬಾರದು. ಒಟ್ಟು 6 ಜಾಗ. ಗೊತ್ತಾದಾಗೆಲ್ಲ ನೀವು "ಎಡ", "ಬಲ" ಅನ್ನಬೇಕು. ಎರಡು ಅಥವಾ ಅದಕ್ಕಿಂತ ಜಾಸ್ತಿ ಜಾಗ ಗೊತ್ತಾಗಲಿಲ್ಲ ಅಂದರೆ ಸ್ಪರ್ಶ ಕಡಿಮೆಯಾಗಿರುವ ಸಾಧ್ಯತೆ ಇದೆ ಅಂತ ಲೆಕ್ಕ. ಹಾಗಾದವರು ಬರಿಗಾಲಲ್ಲಿ ನಿಂತು ಮಾಡಬಾರದು, ಹಿಂದೆ ಪಟ್ಟಿ ಇರುವ ಎಂಸಿಆರ್ (ಮೆತ್ತನೆಯ ರಬ್ಬರ್ ತಳದ) ಚಪ್ಪಲಿಯೋ ಮೆತ್ತನೆಯ ಶೂವೋ ಹಾಕಿಕೊಂಡೇ ಮಾಡಬೇಕು. ಹಾಕಿಕೊಳ್ಳುವ ಮುಂಚೆ ಒಳಗೆ ಕೈ ಹಾಕಿ ಕಲ್ಲು, ಮೊಳೆ ಇಲ್ಲ ಅಂತ ನೋಡಿ. ಶಾಸ್ತ್ರಕ್ಕೆ ವಿರುದ್ಧ ಅಂತ ಯಾರಾದರೂ ಅಂದರೆ ಅನ್ನಲಿ ಬಿಡಿ. ಸಿದ್ಧಗಂಗೆಯ ಬೆಟ್ಟವನ್ನು ಮಧ್ಯಾಹ್ನದ ಬಿಸಿಲಲ್ಲಿ ಬರಿಗಾಲಲ್ಲಿ ಹತ್ತುವ ಹರಕೆಯನ್ನೂ ಇಂಥವರು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಕಾದ ಕಲ್ಲಿಗೆ ಬೊಬ್ಬೆ ಎದ್ದರೂ ಗೊತ್ತಾಗುವುದಿಲ್ಲ.

ಹಂತ 4: ಹೊತ್ತು, ತಿಂಡಿ, ಸಂಖ್ಯೆ

ಯೋಗ ಅಂದರೆ ಖಾಲಿ ಹೊಟ್ಟೆ ಅನ್ನುವುದು ನಮ್ಮಲ್ಲಿ ಬೇರು ಬಿಟ್ಟಿದೆ. ಗ್ಲಿಮೆಪಿರೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ತಿಂಡಿ ತಿನ್ನದೆ ಮ್ಯಾಟ್ ಹಾಸಿದರೆ ನಡುಕ ಬರದೆ ಇನ್ನೇನು ಬರುತ್ತದೆ? ಇಂಥವರಿಗೆ ಹಗುರವಾದ ತಿಂಡಿ ಆಗಿ ಒಂದೂವರೆ ಗಂಟೆ ಆದ ಮೇಲಿನ ಹೊತ್ತು ಚೆನ್ನ. ಬರೀ ಮೆಟ್‌ಫಾರ್ಮಿನ್‌ನವರು ಬೆಳಗ್ಗೆ ಎದ್ದು ಮಾಡಬಹುದು. ಡೇರಿಗೆ ಹಾಲು ಹಾಕಿ ಬಂದ ಕೂಡಲೇ ಅಂತ ಇಟ್ಟುಕೊಂಡವರು ಬಿಡದೆ ಮಾಡುತ್ತಾರೆ, ಯಾಕೆಂದರೆ ಹಾಲಿಗೆ ರಜೆ ಇಲ್ಲ. ಇನ್ಸುಲಿನ್‌ನವರು ಅಂದು ದುಡಿಸುವ ತೊಡೆಗೆ ಚುಚ್ಚಿಕೊಳ್ಳಬೇಡಿ, ದುಡಿಯುವ ಕಾಲಿನಿಂದ ಔಷಧ ಬೇಗ ರಕ್ತಕ್ಕೆ ಸೇರುತ್ತದೆ. ಹೊಟ್ಟೆಯೇ ವಾಸಿ.

ಈಗ ಬೆರಳು ಚುಚ್ಚಿ ನೋಡಿ. ಮೊದಲು ಸೋಪು ಹಾಕಿ ಕೈ ತೊಳೆದು ಒರೆಸಿಕೊಳ್ಳಿ. ಮಾವಿನ ಕಾಲದಲ್ಲಂತೂ ಇದನ್ನು ಮರೆಯಲೇಬೇಡಿ. ಹಣ್ಣು ಮುಟ್ಟಿದ ಬೆರಳಿಂದ ರಕ್ತ ತೆಗೆದರೆ ಚರ್ಮದ ಮೇಲಿನ ಸಕ್ಕರೆಯೇ ಸೇರಿಕೊಂಡು ಸುಳ್ಳು ಸಂಖ್ಯೆ ಬರುತ್ತದೆ.

70ಕ್ಕಿಂತ ಕಡಿಮೆ ಇದ್ದರೆ ಯೋಗ ಇಲ್ಲ. ಮೊದಲು ಶುಗರ್ ಏರಿಸಬೇಕು, ಅದು ಹೇಗೆ ಅಂತ ಕೆಳಗೆ ಇದೆ.

70ರಿಂದ 90ರ ಒಳಗೆ ಇದ್ದು, ಗ್ಲಿಮೆಪಿರೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ, ಒಂದು ಚಿಕ್ಕ ಬಾಳೆಹಣ್ಣು ತಿಂದು ಕಾಲು ಗಂಟೆ ಬಿಟ್ಟು ಮತ್ತೆ ನೋಡಿ, ಆಮೇಲೆ ಶುರು ಮಾಡಿ.

90ರಿಂದ 250 ಇದ್ದರೆ ಮಾಡಬಹುದು.

250 ದಾಟಿದ್ದರೆ ಮೈ ಹೇಗಿದೆ ಅಂತ ಕೇಳಿಕೊಳ್ಳಿ. ವಾಂತಿ, ಹೊಟ್ಟೆನೋವು, ಜೋರು ಬಾಯಾರಿಕೆ, ಜ್ವರ ಇದ್ದರೆ ಬೇಡ, ಆಸ್ಪತ್ರೆಗೆ ಹೋಗಿ. ಚಿಕ್ಕ ವಯಸ್ಸಿನಿಂದ ಇನ್ಸುಲಿನ್ ಮೇಲಿರುವವರು ಕೀಟೋನ್ (ಇನ್ಸುಲಿನ್ ಸಾಲದಾಗ ಮೈಯಲ್ಲಿ ಸೇರಿಕೊಳ್ಳುವ ಆಮ್ಲ) ಇದೆಯಾ ಅಂತ ನೋಡದೆ ಶುರು ಮಾಡಬಾರದು. 300ಕ್ಕಿಂತ ಜಾಸ್ತಿ ಬಂದರೆ ಆರಾಮಾಗಿದ್ದರೂ ಆವತ್ತು ನೀರು ಕುಡಿದು ಉಸಿರಾಟದ್ದಷ್ಟೇ ಮಾಡಿ. ಬೆವರು ಸುರಿಸಿ ಇಳಿಸಿಬಿಡುತ್ತೇನೆ ಅನ್ನುವ ಹಟ ಬೇಡ.

ಬೆಳಗ್ಗೆ ಎದ್ದಾಗಿನ ಸಂಖ್ಯೆ ರಾತ್ರಿಗಿಂತ ಜಾಸ್ತಿ ಇರುವುದು ಎಷ್ಟೋ ಜನರಲ್ಲಿ ಸಾಮಾನ್ಯ. ನಸುಕಿನಲ್ಲಿ ಪಿತ್ತಜನಕಾಂಗ ಸಕ್ಕರೆ ಬಿಡುತ್ತದೆ. ನಿನ್ನೆ ಮಾಡಿದ ಯೋಗ ವ್ಯರ್ಥ ಆಯಿತು ಅಂತ ಅಲ್ಲ.

ಹಂತ 5: ಬ್ಯಾಲೆನ್ಸ್, ಮೊದಲ ನಾಲ್ಕು ವಾರ

ನಾವು ನೆಟ್ಟಗೆ ನಿಲ್ಲುವುದಕ್ಕೆ ಮೂರು ಕಡೆಯಿಂದ ಸುದ್ದಿ ಬೇಕು: ಅಂಗಾಲು, ಕಣ್ಣು, ಒಳಕಿವಿ. ಶುಗರ್ ಹಳೆಯದಾದಷ್ಟೂ ಮೊದಲೆರಡು ಮಂಕಾಗುತ್ತವೆ. ರಾತ್ರಿ ಕರೆಂಟ್ ಹೋದಾಗ ಬಚ್ಚಲಿಗೆ ಹೋಗುತ್ತಾ ವಾಲಾಡುವುದು ಇದಕ್ಕೇ. ಅಂಗಾಲು ಮೊದಲೇ ಮಂಕು, ಕತ್ತಲಲ್ಲಿ ಕಣ್ಣೂ ಹೋಯಿತು, ಉಳಿದದ್ದು ಒಂದೇ. ಹಾಗಾಗಿ ಜೋಮು ಇರುವವರು ಕಣ್ಣು ಮುಚ್ಚಿ ನಿಲ್ಲುವ ಸಾಹಸ ಮಾಡಬಾರದು.

ಹೊಲದಲ್ಲಿ ದಿನವಿಡೀ ದುಡಿಯುತ್ತೇನೆ, ಇದು ಯಾಕೆ ಅನ್ನುವವರಿದ್ದಾರೆ. ಹೊಲದ ಕೆಲಸ ಮೈಗೆ ಒಳ್ಳೆಯದೇ. ಆದರೆ ಅಲ್ಲಿ ಎರಡು ಕಾಲು ಅಗಲ ಇಟ್ಟು, ಸೊಂಟ ಬಗ್ಗಿಸಿ ಮಾಡುತ್ತೀರಿ. ಒಂದೇ ಕಾಲ ಮೇಲೆ ಭಾರ ತಡೆಯುವುದು, ಎಡವಿದಾಗ ಸಾವರಿಸಿಕೊಳ್ಳುವುದು ಬೇರೆಯೇ ಕಲಿಕೆ.

*ಮೊದಲ ವಾರ.* ಕುರ್ಚಿಯಿಂದ ಏಳುವುದು, ಕೂರುವುದು. ಕುರ್ಚಿಯ ಅಂಚಿಗೆ ಬಂದು, ಪಾದ ಮಂಡಿಯ ಕೆಳಗೆ ತಂದು, ಮುಂದಕ್ಕೆ ಬಾಗಿ ಏಳಿ. ಕೂರುವಾಗ ದೊಪ್ಪನೆ ಬೀಳಬೇಡಿ, ಮೂರು ಎಣಿಸುತ್ತಾ ಇಳಿಯಿರಿ. 5 ಸಲ, ಒಂದು ನಿಮಿಷ ಬಿಡುವು, ಮತ್ತೆ 5 ಸಲ. ಮೊದಮೊದಲು ತೊಡೆಗೆ ಕೈ ಊರಬಹುದು. ನೋಡಲು ಇದೇನು ಮಹಾ ಅನ್ನಿಸುತ್ತದೆ ಅಲ್ವಾ? ಆದರೆ ಮೈಯಲ್ಲಿ ದೊಡ್ಡ ಸ್ನಾಯುಗಳು ತೊಡೆ, ಪೃಷ್ಠದಲ್ಲೇ ಇರುವುದು. ಸ್ನಾಯು ದುಡಿಯುವಾಗ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದರೂ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಇಡೀ ಪಟ್ಟಿಯಲ್ಲಿ ಒಂದೇ ಒಂದು ಆರಿಸಿಕೋ ಅಂದರೆ ನಾನು ಇದನ್ನೇ ಆರಿಸುವುದು.

ಇದರ ಜೊತೆಗೆ ಕಿಟಕಿ ಸರಳು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು 10 ಸಲ, ಆಮೇಲೆ ಹಿಮ್ಮಡಿ ಊರಿ ಮುಂಗಾಲು ಎತ್ತುವುದು 10 ಸಲ. ಚಪ್ಪಲಿ ಎಡವಿ ಬೀಳುವವರಿಗೆ ಎರಡನೆಯದು ಬಲು ಮುಖ್ಯ.

*ಎರಡನೇ ವಾರ.* ಸರಳಿನ ಮುಂದೆ ನಿಂತು ಪಾದಗಳನ್ನು ಜೋಡಿಸಿ 10 ಸೆಕೆಂಡ್. ಆಮೇಲೆ ಒಂದು ಪಾದ ಅರ್ಧ ಮುಂದೆ ಇಟ್ಟು, ಅದರ ಹಿಮ್ಮಡಿಯ ಒಳಬದಿ ಇನ್ನೊಂದರ ಹೆಬ್ಬೆರಳಿಗೆ ತಾಗುವ ಹಾಗೆ, 10 ಸೆಕೆಂಡ್. ಕಾಲು ಬದಲಿಸಿ. ಪೂರ್ತಿ ಕೈಯಿಂದ ಹಿಡಿದದ್ದು ಎರಡು ಬೆರಳಿಗೆ ಬರಲಿ, ಆಮೇಲೆ ಸರಳಿಂದ ಒಂದು ಗೇಣು ದೂರಕ್ಕೆ.

*ಮೂರನೇ ವಾರ.* ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಒಂದೇ ಗೆರೆಯಲ್ಲಿ ನಿಲ್ಲುವುದು. ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಇಲ್ಲಿ. 10 ಸೆಕೆಂಡ್ ಹಿಡಿಯದೆ ನಿಲ್ಲಲು ಆಗದಿದ್ದರೆ ಬೀಳುವ ಅಪಾಯ ಜಾಸ್ತಿ ಇದೆ ಅಂತ ಅರ್ಥ, ಹಾಗಿದ್ದರೆ ಇಲ್ಲೇ ಇನ್ನೊಂದು ವಾರವೋ ಒಂದು ತಿಂಗಳೋ ಇರಿ. ಅವಸರ ಯಾಕೆ?

*ನಾಲ್ಕನೇ ವಾರ.* ಅಡುಗೆ ಮನೆ ಕಟ್ಟೆಯ ಉದ್ದಕ್ಕೂ ಅದೇ ರೀತಿ ಹಿಮ್ಮಡಿಗೆ ಬೆರಳು ಹಚ್ಚಿ ನಡೆಯುವುದು, ಕೈ ಕಟ್ಟೆಯ ಮೇಲೆ ತೇಲುತ್ತಿರಲಿ. ಮೂರು ಸಲ ಹೋಗಿ ಬನ್ನಿ. ತಿರುಗುವಾಗ ಗರ್ರನೆ ತಿರುಗಬೇಡಿ, ಸಣ್ಣ ಸಣ್ಣ ಹೆಜ್ಜೆ. ಇದು ಬಂದ ಮೇಲೆ ಒಂದು ಕಾಲು ನೆಲದಿಂದ ಒಂದೇ ಇಂಚು ಎತ್ತಿ ನಿಲ್ಲುವುದು, 5 ಎಣಿಸುವವರೆಗೆ.

ವಾರ ಅಂದದ್ದು ಅಂದಾಜು. ಮೇಲಿನ ಮೆಟ್ಟಿಲು ಸಲೀಸಾಗಿ ಬಂದ ಮೇಲೇ ಮುಂದಿನದು. ವಾರಕ್ಕೆ ಮೂರು ದಿನ ಮಾಡಿದರೂ ನಡೆಯುತ್ತದೆ, ದಿನಾ ಮಾಡಿದರೆ ಬೇಡ ಅನ್ನುವವರಿಲ್ಲ.

ಹಂತ 6: ಈಗ ಆಸನ

ಬ್ಯಾಲೆನ್ಸ್ ಒಂದು ಮಟ್ಟಕ್ಕೆ ಬಂದಿದ್ದರೆ ಆಸನಗಳು ಅರ್ಧ ಬಂದ ಹಾಗೆಯೇ. ಪಾದ ಜೋಡಿಸಿ ನಿಂತಿರಲ್ಲ, ಅದೇ ತಾಡಾಸನದ ಬುಡ. ಒಂದಿಂಚು ಎತ್ತಿದ ಕಾಲು ವೃಕ್ಷಾಸನದ ಮೊಳಕೆ.

ಶುರುವಿಗೆ ಐದು ನಿಮಿಷ ಕುರ್ಚಿಯಲ್ಲೇ ಕೂತು ಕುತ್ತಿಗೆ, ಭುಜ, ಮಣಿಕಟ್ಟು, ಪಾದದ ಕೀಲು ಸಡಿಲ ಮಾಡಿಕೊಳ್ಳಿ. ಶುಗರ್ ಇರುವವರಿಗೆ ಭುಜ ಹಿಡಿದುಕೊಳ್ಳುವುದು ಉಳಿದವರಿಗಿಂತ ಜಾಸ್ತಿ. ಕೈ ಎಲ್ಲಿವರೆಗೆ ಏರುತ್ತದೋ ಅಲ್ಲಿವರೆಗೆ ಸಾಕು, ಇನ್ನೊಬ್ಬರಿಂದ ಎಳೆಸಿಕೊಳ್ಳಬೇಡಿ.

ತಾಡಾಸನ: ಪಾದಗಳ ನಡುವೆ ಒಂದು ಗೇಣು ಜಾಗ ಇರಲಿ. ಭಾರ ಹಿಮ್ಮಡಿ, ಹೆಬ್ಬೆರಳ ಬುಡ, ಕಿರುಬೆರಳ ಬುಡ ಮೂರಕ್ಕೂ ಹರಡಲಿ. ಉಸಿರು ಎಳೆಯುತ್ತಾ ಕೈ ಮೇಲಕ್ಕೆ, ಬಿಡುತ್ತಾ ಕೆಳಕ್ಕೆ, 5 ಸಲ.

ವೃಕ್ಷಾಸನ: ಗೋಡೆಗೆ ಬೆನ್ನು ಮಾಡಿ, ಗೋಡೆಯಿಂದ ನಾಲ್ಕು ಬೆರಳು ಮುಂದೆ ನಿಲ್ಲಿ. ಎತ್ತಿದ ಪಾದದ ಬೆರಳು ನೆಲದ ಮೇಲೇ ಇರಲಿ, ಹಿಮ್ಮಡಿ ಮಾತ್ರ ಇನ್ನೊಂದು ಪಾದದ ಕೀಲಿಗೆ ಒರಗಲಿ. ಕೆಲವು ವಾರ ಬಿಟ್ಟು ಮೀನಖಂಡಕ್ಕೆ. ಮಂಡಿಯ ಕೀಲಿನ ಮೇಲೆ ಪಾದ ಒತ್ತುವುದು ಯಾವತ್ತೂ ಇಲ್ಲ. ಫೋಟೋದಲ್ಲಿ ಇರುವ ಹಾಗೆ ತೊಡೆವರೆಗೆ ಬರಲೇಬೇಕು ಅಂತ ಯಾವ ಕಾನೂನೂ ಇಲ್ಲ.

ವೀರಭದ್ರಾಸನ: ಕುರ್ಚಿಯ ಬೆನ್ನು ಹಿಡಿದು ಒಂದು ಕಾಲು ಹಿಂದಕ್ಕೆ, ಮುಂದಿನ ಮಂಡಿ ಸ್ವಲ್ಪ ಬಾಗಲಿ, ಮೂರು ಉಸಿರು. ಮುಂದಿನ ತೊಡೆ ಬಿಸಿ ಆಗಬೇಕು, ಮಂಡಿ ನೋಯಬಾರದು.

ನೆಲಕ್ಕೆ ಇಳಿದು ಮಾಡುವವರಿಗೆ ಸೇತುಬಂಧಾಸನ (ಅಂಗಾತ ಮಲಗಿ ಸೊಂಟ ಎತ್ತುವುದು), ಭುಜಂಗಾಸನ (ಬೋರಲು ಮಲಗಿ ಎದೆ ಎತ್ತುವುದು), ಪವನಮುಕ್ತಾಸನ (ಅಂಗಾತ ಮಲಗಿ ಮಂಡಿಯನ್ನು ಎದೆಗೆ ತರುವುದು) ಸಾಕು. ವಕ್ರಾಸನವನ್ನು ಕುರ್ಚಿಯಲ್ಲೇ ಕೂತು, ಬೆನ್ನು ತಿರುಗಿಸಿ ಮಾಡಬಹುದು. ಹರ್ನಿಯಾ ಇದ್ದವರು, ಹೊಟ್ಟೆ ಆಪರೇಷನ್ ಆದವರು ಭುಜಂಗಾಸನಕ್ಕೆ ಮುಂಚೆ ಡಾಕ್ಟರನ್ನು ಕೇಳಿ. ವಜ್ರಾಸನದಲ್ಲಿ ಗಂಟೆಗಟ್ಟಲೆ ಕೂರಿಸುವ ರೂಢಿ ಇದೆಯಲ್ಲ, ಕಾಲು ಜೋಮು ಇರುವವರು ಬಿಟ್ಟುಬಿಡಿ. ಊಟ ಆದ ಮೇಲೆ ಏನಾದರೂ ಮಾಡಬೇಕು ಅನ್ನಿಸಿದರೆ 10-15 ನಿಮಿಷ ಅಂಗಳದಲ್ಲೇ ಓಡಾಡಿ, ಮುದ್ದೆ ಉಂಡ ಮೇಲೆ ಏರುವ ಶುಗರಿಗೆ ಅದೇ ಮೇಲು.

ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯವರಿಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ನಮ್ಮ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇರುವ ಊರುಗಳಲ್ಲಿ ಎಷ್ಟೋ ಹಿರಿಯರ ಬೆನ್ನು, ಕುತ್ತಿಗೆ, ಮಂಡಿ ಬಿಗಿದುಕೊಂಡಿರುತ್ತವೆ. ಅದು ಸೋಮಾರಿತನದ ಬಿಗಿತ ಅಲ್ಲ, ಮೂಳೆ ಮತ್ತು ಕಟ್ಟುಗಳೇ ಗಡುಸಾಗಿರುತ್ತವೆ. "ಇನ್ನೂ ಬಗ್ಗಿ, ಬಗ್ಗಿ" ಅಂತ ಬೆನ್ನು ಒತ್ತುವ ಯೋಗ ಗುರುಗಳಿಗೆ ಇದನ್ನು ಮೊದಲೇ ಹೇಳಿ. ಇಂಥವರಿಗೆ ಕುರ್ಚಿಯ ಅಭ್ಯಾಸ, ಎದ್ದು ಕೂರುವುದು, ಉಸಿರಾಟ ಇಷ್ಟೇ ಸಾಕು.

ಸೂರ್ಯ ನಮಸ್ಕಾರ ಬೇಡವಾ? ಬೇಡ ಅಂತಿಲ್ಲ, ಮೊದಲ ತಿಂಗಳು ಬೇಡ. ತಲೆ ಕೆಳಗೆ, ಮೇಲೆ, ಮತ್ತೆ ಕೆಳಗೆ. ಎದ್ದು ನಿಂತಾಗ ಬಿಪಿ ಇಳಿಯುವವರಿಗೆ ಕಣ್ಣು ಕತ್ತಲೆ ಬರಬಹುದು. ಜೂನ್ 21ರ ಯೋಗ ದಿನದಂದು ಮೈದಾನದಲ್ಲಿ ಎಲ್ಲರ ಜೊತೆ ಒಂದೇ ತಾಳಕ್ಕೆ ಮಾಡಲು ಹೋಗಿ ಕೂತುಬಿಡುವವರು ಹೆಚ್ಚಾಗಿ ಇಂಥವರೇ.

ಹಂತ 7: ಉಸಿರು, ಮತ್ತು ಏಳುವ ರೀತಿ

ಅನುಲೋಮ ವಿಲೋಮ (ಒಂದಾದ ಮೇಲೊಂದು ಮೂಗಿನ ಹೊಳ್ಳೆಯಿಂದ ಉಸಿರಾಡುವುದು) ಐದು ನಿಮಿಷ, ಉಸಿರು ಹಿಡಿಯದೆ. ಭ್ರಾಮರಿ (ದುಂಬಿಯ ಹಾಗೆ ಗುಂಯ್‌ಗುಡುತ್ತಾ ಉಸಿರು ಬಿಡುವುದು) ಐದು ಸಲ. ಟಿವಿ ನೋಡಿ ಕಪಾಲಭಾತಿ, ಭಸ್ತ್ರಿಕಾ ಜೋರಾಗಿ ಹೊಡೆಯುವವರಿದ್ದಾರೆ. ಕಣ್ಣಿನ ಪರದೆಯ ತೊಂದರೆ, ಹತೋಟಿ ಇಲ್ಲದ ಬಿಪಿ, ಹೃದಯದ ತೊಂದರೆ ಇದ್ದವರು ಅದರ ತಂಟೆಗೆ ಹೋಗಬೇಡಿ.

ಶವಾಸನ ಐದರಿಂದ ಹತ್ತು ನಿಮಿಷ. ಆಮೇಲೆ ಎದ್ದು ನಿಲ್ಲುವುದೇ ಒಂದು ಹಂತ. ಬಲಕ್ಕೆ ಹೊರಳಿ, ಕೈ ಊರಿ ಕೂತು, ಒಂದು ನಿಮಿಷ ಕೂತೇ ಇದ್ದು ಪಾದ ಆಡಿಸಿ, ಕುರ್ಚಿ ಹಿಡಿದು ಏಳಿ. ಹಳೆಯ ಶುಗರ್ ಇದ್ದವರಲ್ಲಿ ಬಿಪಿ ಕಾಯುವ ನರಗಳೂ ಸೋತಿರಬಹುದು, ಧಡಕ್ಕನೆ ಎದ್ದರೆ ರಕ್ತ ಕಾಲಲ್ಲೇ ಉಳಿದು ತಲೆ ಸುತ್ತುತ್ತದೆ. ಹೀಗೆ ಪದೇ ಪದೇ ಆದರೆ ಮಲಗಿದಾಗ ಒಂದು ಸಲ, ನಿಂತು ಮೂರು ನಿಮಿಷದೊಳಗೆ ಒಂದು ಸಲ ಬಿಪಿ ನೋಡಿಸಿ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದಿದ್ದರೆ ಡಾಕ್ಟರಿಗೆ ಹೇಳಬೇಕಾದ ವಿಷಯ.

ಶುಗರ್ ಇಳಿದರೆ ಏನು ಮಾಡುವುದು

ಕೈ ನಡುಕ, ತಣ್ಣನೆ ಬೆವರು, ಎದೆ ಡವಡವ, ಇದ್ದಕ್ಕಿದ್ದಂತೆ ಹಸಿವು, ಕಣ್ಣು ಮಂಜು, ಸುಮ್ಮಸುಮ್ಮನೆ ಸಿಡುಕು, ಮಾತು ತೊದಲು. ಇದರಲ್ಲಿ ಯಾವುದು ಬಂದರೂ ಆಸನ ಅಲ್ಲಿಗೇ ನಿಲ್ಲಿಸಿ ಕೂರಿ. ಮೀಟರ್ ಇದ್ದರೆ ನೋಡಿ. ಇಲ್ಲದಿದ್ದರೆ ಇಳಿದಿದೆ ಅಂತಲೇ ತಿಳಿದುಕೊಳ್ಳಿ.

15 ಗ್ರಾಂ ಗ್ಲೂಕೋಸ್ ಪುಡಿ ಅಥವಾ 3 ಟೀ ಚಮಚ ಸಕ್ಕರೆ ಅರ್ಧ ಲೋಟ ನೀರಿಗೆ ಹಾಕಿ ಕುಡಿಯಿರಿ. 15 ನಿಮಿಷ ಕಾದು ಮತ್ತೆ ನೋಡಿ. ಇನ್ನೂ 70ಕ್ಕಿಂತ ಕಡಿಮೆ ಇದ್ದರೆ ಇನ್ನೊಂದು ಸಲ. ಏರಿದ ಮೇಲೆ ಇಡ್ಲಿಯೋ ರೊಟ್ಟಿಯೋ ಏನಾದರೂ ತಿನ್ನಿ. ಚಾಕೊಲೇಟ್, ಹಾಲು, ಬಿಸ್ಕತ್ತು ಈ ಹೊತ್ತಿಗೆ ಆಗುವುದಿಲ್ಲ, ಕೊಬ್ಬು ಇರುವುದರಿಂದ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ.

ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇರುವ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ನೀರು ಬೇಗ ಕೆಲಸ ಮಾಡುವುದಿಲ್ಲ, ಆ ಮಾತ್ರೆಯೇ ಕರುಳಲ್ಲಿ ಸಕ್ಕರೆ ಒಡೆಯುವುದನ್ನು ತಡೆದಿರುತ್ತದೆ. ಅವರ ಮನೆಯಲ್ಲಿ ಗ್ಲೂಕೋಸ್ ಪುಡಿಯೇ ಇರಬೇಕು. ಇದು ಮನೆಯವರಿಗೂ ಗೊತ್ತಿರಲಿ.

ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ನೀರೂ ಬೇಡ. ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಫೋನ್ ಮಾಡಿ.

ಶುಗರ್ ಯೋಗ ಮಾಡುವಾಗಲೇ ಇಳಿಯಬೇಕೆಂದಿಲ್ಲ, ಕೆಲವು ಗಂಟೆ ಬಿಟ್ಟೂ ಇಳಿಯಬಹುದು. ಅವತ್ತು ಮಧ್ಯಾಹ್ನದ ಊಟ ತಡ ಮಾಡಬೇಡಿ. ಏಕಾದಶಿ, ಶಿವರಾತ್ರಿ ಉಪವಾಸದ ದಿನ ಉಸಿರಾಟ ಮಾತ್ರ ಸಾಕು, ಮತ್ತು ಮಾತ್ರೆಯ ವಿಷಯ ಹಿಂದಿನ ದಿನವೇ ಡಾಕ್ಟರನ್ನು ಕೇಳಿ.

ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕಾದದ್ದು

ಎದೆ, ದವಡೆ, ಎಡಗೈಯಲ್ಲಿ ನೋವು ಅಥವಾ ಭಾರ. ಕಾರಣವಿಲ್ಲದೆ ಉಸಿರು ಕಟ್ಟಿ ಬೆವರುವುದು. ಕಣ್ಣ ಮುಂದೆ ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆ, ಜೇಡರ ಬಲೆಯಂಥ ಎಳೆ ಅಥವಾ ಪರದೆ ಬಿದ್ದ ಹಾಗೆ ಕಾಣುವುದು. ಒಂದು ಕಡೆಯ ಕೈಕಾಲು ಸೋಲುವುದು. ಇವಕ್ಕೆ ನಾಳೆ ನೋಡೋಣ ಅನ್ನುವ ಮಾತೇ ಇಲ್ಲ.

ಹಂತ 8: ಬರೆದಿಡುವುದು, ವಾರದ ಲೆಕ್ಕ, ಮಾತ್ರೆ

ನೋಟ್ ಬುಕ್ಕಿನಲ್ಲಿ ದಿನಕ್ಕೆ ಒಂದೇ ಸಾಲು: "ಮೊದಲು 142, ಆಮೇಲೆ 118. ಇಡ್ಲಿ 3. ಒಂದೇ ಗೆರೆ ಎಡಗಾಲು 7 ಎಣಿಕೆ. ಪಾದ ಸರಿ." ಇಷ್ಟು ಸಾಕು. ಮೊದಲ ಎರಡು ವಾರ ಯೋಗಕ್ಕೆ ಮುಂಚೆ, ಆಮೇಲೆ ಎರಡೂ ಸಲ ಶುಗರ್ ನೋಡಿದರೆ ನಿಮ್ಮ ಮೈ ಹೇಗೆ ನಡೆದುಕೊಳ್ಳುತ್ತದೆ ಅಂತ ಗೊತ್ತಾಗುತ್ತದೆ. ಇನ್ಸುಲಿನ್‌ನವರು ಮುಂದೆಯೂ ನೋಡುತ್ತಲೇ ಇರಬೇಕು. ಉಳಿದವರು ಎಷ್ಟು ದಿನಕ್ಕೊಮ್ಮೆ ಅಂತ ಡಾಕ್ಟರನ್ನು ಕೇಳಿ.

ನಡಿಗೆಯನ್ನು ಬಿಡಬೇಡಿ. ವಾರಕ್ಕೆ ಒಟ್ಟು 150 ನಿಮಿಷ, ಸ್ವಲ್ಪ ಬಿರುಸು. ಸತತ ಎರಡು ದಿನಕ್ಕಿಂತ ಜಾಸ್ತಿ ಬಿಡುವು ಕೊಡಬೇಡಿ. ತುಮಕೂರಿನವರಿಗೆ ಅಮಾನಿಕೆರೆ ಇದೆ, ಸಮತಟ್ಟು ಜಾಗ. ಕೋಲಾರದವರು ಅಂತರಗಂಗೆ ಮೆಟ್ಟಿಲಿಗೆ ಮೊದಲ ವಾರವೇ ಹೋಗಬೇಡಿ, ಹತ್ತುವುದಕ್ಕಿಂತ ಇಳಿಯುವಾಗ ಬೀಳುವ ಭಯ ಜಾಸ್ತಿ.

ಎಚ್‌ಬಿಎ1ಸಿ ಪರೀಕ್ಷೆಯನ್ನು ಮೂರು ತಿಂಗಳಿಗೆ ಮಾಡಿಸಿ. ಅದು ಆ ಮೂರು ತಿಂಗಳ ಶುಗರಿನ ಸರಾಸರಿಯನ್ನು ತೋರಿಸುತ್ತದೆ, ಹಾಗಾಗಿ ಹದಿನೈದು ದಿನಕ್ಕೇ ಮಾಡಿಸಿ ಏನೂ ಇಳಿದಿಲ್ಲ ಅಂತ ಕೊರಗುವುದರಲ್ಲಿ ಅರ್ಥವಿಲ್ಲ. ಇಳಿದಿದ್ದರೆ ಅಥವಾ ವಾರದಲ್ಲಿ ಎರಡು ಸಲ ಲೋ ಆಗಿದ್ದರೆ ಆ ನೋಟ್ ಬುಕ್ ಡಾಕ್ಟರ್ ಮುಂದೆ ಇಡಿ. ಮಾತ್ರೆ ಕಡಿಮೆ ಮಾಡುವುದು ಅವರ ಕೆಲಸ, ನೀವು ಅರ್ಧ ಮುರಿದು ನುಂಗುವುದಲ್ಲ.

ಮಧ್ಯೆ ನಿಂತುಹೋಗುವುದು ಸಹಜ. ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದರೆ (ನಾಲ್ಕನೇ ಸಲ ಪೊರೆ ಕಳಚಿ ಮೇಯಲು ಶುರು ಮಾಡಿದರೆ) ಸೊಪ್ಪು ಹಾಕುವುದರಲ್ಲೇ ದಿನ ಹೋಗುತ್ತದೆ, ಮ್ಯಾಟ್ ಹಾಸಲು ಪುರುಸೊತ್ತೆಲ್ಲಿ? ಆ ದಿನಗಳಲ್ಲಿ ಎದ್ದು ಕೂರುವುದು 10, ಹಿಮ್ಮಡಿ ಎತ್ತುವುದು 10, ಪಾದ ನೋಡುವುದು, ಈ ಮೂರನ್ನು ಉಳಿಸಿಕೊಳ್ಳಿ. ಗೂಡು ಮಾರ್ಕೆಟ್ಟಿಗೆ ಹೋದ ಮೇಲೆ ಮತ್ತೆ ಶುರು ಮಾಡುವಾಗ ಬಿಟ್ಟ ಕಡೆಯಿಂದ ಹಿಡಿಯಬೇಡಿ. ಒಂದು ವಾರ ಬಿಟ್ಟಿದ್ದರೆ ಒಂದು ಮೆಟ್ಟಿಲು ಕೆಳಗಿನಿಂದ, ಎರಡು ವಾರಕ್ಕಿಂತ ಜಾಸ್ತಿ ಆಗಿದ್ದರೆ ಮೊದಲ ವಾರದ ಕುರ್ಚಿ, ಕಿಟಕಿ ಸರಳಿನಿಂದ. ಮೊದಲ ಮೂರು ದಿನ ಯೋಗಕ್ಕೆ ಮುಂಚೆ, ಆಮೇಲೆ ಎರಡೂ ಸಲ ಶುಗರ್ ನೋಡಿಕೊಳ್ಳಿ.